ನೋಕಿಯಾ ಮ್ಯಾಪ್ಸ್

ನೋಕಿಯಾ ಮ್ಯಾಪ್ಸ್ ಎಂಬುದು ಫಿನ್ಲೆಂಡ್ ದೇಶದ ನೋಕಿಯಾ ಸಂಸ್ಥೆಯು ತನ್ನ ಮೊಬೈಲ್ ಫೋನುಗಳಿಗಾಗಿ 2007ರಿಂದ ಒದಗಿಸಿದ, ನಕ್ಷೆ ನೋಡಲು ಹಾಗೂ ದಾರಿ ತಿಳಿಯಲು ನೆರವಾಗುವ ತಂತ್ರಾಂಶ. ಆರಂಭದಲ್ಲಿ ಸ್ಮಾರ್ಟ್‌ಟುಗೋ ಎಂದು ಕರೆಯಲ್ಪಟ್ಟ ಇದು ಬಳಿಕ ನೋಕಿಯಾ ಮ್ಯಾಪ್ಸ್, ಓವಿ ಮ್ಯಾಪ್ಸ್, ಮತ್ತೊಮ್ಮೆ ನೋಕಿಯಾ ಮ್ಯಾಪ್ಸ್, ಹಿಯರ್ ಮ್ಯಾಪ್ಸ್ ಎಂಬ ಹೆಸರುಗಳನ್ನು ಪಡೆಯಿತು. 2016ರಿಂದ ಹಿಯರ್ ವೀಗೋ ಎಂಬ ಹೆಸರಿನಲ್ಲಿ ಆಂಡ್ರಾಯ್ಡ್ ಹಾಗೂ ಐಒಎಸ್ ಸಾಧನಗಳಲ್ಲಿ ಬಳಕೆಯಲ್ಲಿದೆ.

ಗುಂಡಿಗಳಿದ್ದ ಸಿಂಬಿಯನ್ ಫೋನುಗಳಿಗೆಂದು ರಚಿತವಾದ ಈ ತಂತ್ರಾಂಶವು ಹತ್ತು ವರ್ಷಗಳ ಒಳಗೆ ಹಲವು ಬಗೆಯ ಸಾಧನಗಳಿಗೆ ವರ್ಗಾವಣೆಗೊಂಡಿತು. ಹಲವು ಬಾರಿ ಅದರ ಬಹುಭಾಗವನ್ನು ಹೊಸದಾಗಿ ಬರೆಯಬೇಕಾಯಿತು. ಕೆಲವು ವೇದಿಕೆಗಳಲ್ಲಿ ಅದನ್ನು ಕೈಬಿಡಲಾಯಿತು. ಆದರೆ ಅದಕ್ಕೆ ಆಧಾರವಾಗಿದ್ದ ನಕ್ಷೆಯ ದತ್ತಾಂಶವು ಉಳಿದು ಬೆಳೆಯಿತು. ಹಳೆಯ ನಕ್ಷೆ ತಂತ್ರಾಂಶವನ್ನು ಹೊಸ ಕೈಸಾಧನಗಳಿಗೆ ಒಗ್ಗಿಸುವಾಗ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದಕ್ಕೆ ಇದು ಸ್ಪಷ್ಟವಾದ ನಿದರ್ಶನ.

ಹಿನ್ನೆಲೆ

ಜರ್ಮನಿಯ ಬರ್ಲಿನ್ ನಗರದಲ್ಲಿ 1999ರಲ್ಲಿ ಆರಂಭವಾದ ಗೇಟ್‌ಫೈವ್ ಎಂಬ ಸಂಸ್ಥೆಯು ಕೈಸಾಧನಗಳಿಗೆ ನಕ್ಷೆ ಮತ್ತು ದಾರಿ ಸೂಚಿಸುವ ತಂತ್ರಾಂಶವನ್ನು ಸಿದ್ಧಪಡಿಸುತ್ತಿತ್ತು. ನೋಕಿಯಾ ಈ ಸಂಸ್ಥೆಯನ್ನು 2006ರಲ್ಲಿ ಕೊಂಡುಕೊಂಡಿತು. ಮರುವರ್ಷದ ಫೆಬ್ರವರಿಯಲ್ಲಿ ಗೇಟ್‌ಫೈವ್‌ನ ತಂತ್ರಾಂಶವು ಸ್ಮಾರ್ಟ್‌ಟುಗೋ ಎಂಬ ಹೆಸರಿನಲ್ಲಿ ಉಚಿತವಾಗಿ ಪ್ರಕಟವಾಯಿತು. ನಕ್ಷೆ ನೋಡುವುದು, ಸ್ಥಳ ಹುಡುಕುವುದು ಮತ್ತು ದಾರಿಯನ್ನು ಗುರುತಿಸುವುದು ಉಚಿತವಾಗಿದ್ದವು. ತಿರುವು ತಿರುವಿಗೂ ಧ್ವನಿಯ ಮೂಲಕ ದಾರಿ ಹೇಳುವ ಸೌಲಭ್ಯಕ್ಕೆ ಮಾತ್ರ ನಿಗದಿತ ಅವಧಿಯ ಶುಲ್ಕ ಕೊಡಬೇಕಿತ್ತು.

2007ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂದ ನೋಕಿಯಾ ಎನ್95 ಫೋನಿನಲ್ಲಿ ಈ ತಂತ್ರಾಂಶವನ್ನು ಮೊದಲೇ ಅಳವಡಿಸಲಾಗಿತ್ತು. ಉಪಗ್ರಹಗಳ ಸಂಕೇತವನ್ನು ಹಿಡಿಯುವ ಜಿಪಿಎಸ್ ಅಂಗವೂ ಆ ಫೋನಿನೊಳಗೇ ಇತ್ತು. ಅದಕ್ಕೆ ಮೊದಲು ಫೋನಿನಲ್ಲಿ ದಾರಿ ನೋಡಲು ಬಯಸುವವರು ಸಾಮಾನ್ಯವಾಗಿ ಪ್ರತ್ಯೇಕ ಜಿಪಿಎಸ್ ಸಾಧನವೊಂದನ್ನು ಬ್ಲೂಟೂತ್ ಮೂಲಕ ಜೋಡಿಸಿಕೊಳ್ಳಬೇಕಿತ್ತು.

ಸಿಂಬಿಯನ್ ಕಾಲದ ರಚನೆ

ಎನ್95 ಫೋನಿನ ಪರದೆಯ ಅಳತೆ 2.6 ಅಂಗುಲ, ಅದರಲ್ಲಿದ್ದುದು 240 × 320 ಬಿಂದುಗಳು. ಸ್ಪರ್ಶಪರದೆ ಇರಲಿಲ್ಲ. ನಕ್ಷೆಯನ್ನು ನಾಲ್ಕು ದಿಕ್ಕಿನ ಗುಂಡಿಯಿಂದ ಸರಿಸಬೇಕಿತ್ತು, ಸಂಖ್ಯೆಯ ಗುಂಡಿಗಳಿಂದ ಹಿಗ್ಗಿಸಿ ಕುಗ್ಗಿಸಬೇಕಿತ್ತು. ಆರಂಭದ ಮಾದರಿಯ ಕ್ರಿಯಾ ಸ್ಮೃತಿ 64 ಮೆಗಾಬೈಟ್ ಮಾತ್ರ. ಇಷ್ಟು ಕಿರಿದಾದ ಅವಕಾಶದಲ್ಲಿ ಇಡೀ ದೇಶವೊಂದರ ರಸ್ತೆಜಾಲವನ್ನು ತೋರಿಸಬೇಕಾಗಿದ್ದುದರಿಂದ ತಂತ್ರಾಂಶದ ಪ್ರತಿ ಭಾಗವೂ ಮಿತವ್ಯಯದಿಂದ ರೂಪುಗೊಂಡಿತ್ತು.

ಇಂತಹ ತಂತ್ರಾಂಶದಲ್ಲಿ ಮುಖ್ಯವಾಗಿ ಮೂರು ಪದರಗಳನ್ನು ಗುರುತಿಸಬಹುದು.

ಮೊದಲನೆಯದು ದತ್ತಾಂಶ. ರಸ್ತೆ, ನದಿ, ಕಟ್ಟಡ, ಊರಿನ ಹೆಸರು, ಏಕಮುಖ ಸಂಚಾರದ ನಿಯಮ, ತಿರುವಿನ ನಿರ್ಬಂಧ ಮೊದಲಾದವು ಅಕ್ಷಾಂಶ ರೇಖಾಂಶಗಳ ಸಮೇತ ಇದರಲ್ಲಿ ಅಡಕವಾಗಿರುತ್ತವೆ.

ಎರಡನೆಯದು ಎಂಜಿನ್ ಎಂದು ಕರೆಯಲಾಗುವ ಕಾರ್ಯಭಾಗ. ದತ್ತಾಂಶವನ್ನು ಓದಿ ಚಿತ್ರ ಬಿಡಿಸುವುದು, ಹೆಸರು ಹುಡುಕುವುದು, ಎರಡು ಸ್ಥಳಗಳ ನಡುವೆ ಸೂಕ್ತ ದಾರಿಯನ್ನು ಲೆಕ್ಕಹಾಕುವುದು ಇದರ ಕೆಲಸ.

ಮೂರನೆಯದು ಬಳಕೆದಾರನಿಗೆ ಕಾಣುವ ಮುಖಭಾಗ. ಗುಂಡಿ, ಪಟ್ಟಿ, ಪರದೆಯ ಜೋಡಣೆ, ಧ್ವನಿಸೂಚನೆ ಇವೆಲ್ಲ ಇಲ್ಲಿ ಬರುತ್ತವೆ.

ನೋಕಿಯಾ ಮ್ಯಾಪ್ಸ್‌ನ ವೈಶಿಷ್ಟ್ಯವೆಂದರೆ ದತ್ತಾಂಶವನ್ನು ಫೋನಿನ ಮೆಮೊರಿ ಕಾರ್ಡಿನಲ್ಲೇ ಇರಿಸಿಕೊಳ್ಳಬಹುದಾಗಿದ್ದುದು. ಮ್ಯಾಪ್ ಲೋಡರ್ ಎಂಬ ಸಹಾಯಕ ತಂತ್ರಾಂಶದಿಂದ ಬೇಕಾದ ದೇಶ ಅಥವಾ ಪ್ರದೇಶದ ಕಡತಗಳನ್ನು ಕಂಪ್ಯೂಟರಿನ ಮೂಲಕ ಇಳಿಸಿಕೊಂಡರೆ, ಅಂತರ್ಜಾಲ ಸಂಪರ್ಕವಿಲ್ಲದೆಯೂ ನಕ್ಷೆ ಕೆಲಸ ಮಾಡುತ್ತಿತ್ತು. ಈ ನಕ್ಷೆಗಳು ಸಿದ್ಧ ಚಿತ್ರಗಳಾಗಿರದೆ, ರೇಖೆ ಮತ್ತು ಬಿಂದುಗಳ ವಿವರಗಳಿಂದ ಆಗಿಂದಾಗ್ಗೆ ಬಿಡಿಸಲ್ಪಡುವ ಸದಿಶ ನಕ್ಷೆಗಳಾಗಿದ್ದವು. ಹೋಲಿಕೆಗೆ ಹೇಳುವುದಾದರೆ, ಫೋನಿನ ಗೂಗಲ್ ನಕ್ಷೆಯು 2010ರ ಡಿಸೆಂಬರ್‌ವರೆಗೆ ಸರ್ವರಿನಿಂದ ತರಿಸಿಕೊಂಡ ಚಿತ್ರದ ತುಣುಕುಗಳನ್ನು ಜೋಡಿಸಿ ತೋರಿಸುತ್ತಿತ್ತು. ಸದಿಶ ನಕ್ಷೆ ಅದಕ್ಕೆ ಬಂದದ್ದು ಆಂಡ್ರಾಯ್ಡ್ ಫೋನುಗಳಿಗಾಗಿ ಬಂದ ಗೂಗಲ್ ನಕ್ಷೆಯ ಐದನೆಯ ಆವೃತ್ತಿಯಲ್ಲಿ.

ನ್ಯಾವ್‌ಟೆಕ್ ಖರೀದಿ ಮತ್ತು ಉಚಿತ ಸೇವೆ

ತಂತ್ರಾಂಶ ಎಷ್ಟೇ ಚೆನ್ನಾಗಿದ್ದರೂ ನಕ್ಷೆಯ ದತ್ತಾಂಶ ಬೇರೆಯವರ ಕೈಯಲ್ಲಿದ್ದರೆ ಅವಲಂಬನೆ ತಪ್ಪುವುದಿಲ್ಲ. ಈ ಕಾರಣದಿಂದ ನೋಕಿಯಾ ಅಮೆರಿಕದ ಶಿಕಾಗೋ ನಗರದ ನ್ಯಾವ್‌ಟೆಕ್ ಸಂಸ್ಥೆಯನ್ನು ಕೊಂಡುಕೊಳ್ಳುವುದಾಗಿ 2007ರ ಅಕ್ಟೋಬರ್ 1ರಂದು ಪ್ರಕಟಿಸಿತು. 2008ರ ಜುಲೈನಲ್ಲಿ ಪೂರ್ಣಗೊಂಡ ಈ ವ್ಯವಹಾರದ ಮೌಲ್ಯ ಸುಮಾರು 8.1 ಬಿಲಿಯನ್ ಡಾಲರ್. 1985ರಲ್ಲಿ ಸ್ಥಾಪನೆಯಾದ ನ್ಯಾವ್‌ಟೆಕ್, ರಸ್ತೆಗಳಲ್ಲಿ ವಾಹನ ಓಡಿಸಿ ವಿವರ ಸಂಗ್ರಹಿಸುವ ಅನುಭವ ಹೊಂದಿದ್ದು, ಕಾರು ತಯಾರಕರಿಗೂ ದಾರಿಸೂಚಕ ಸಾಧನಗಳ ತಯಾರಕರಿಗೂ ನಕ್ಷೆ ಪೂರೈಸುತ್ತಿತ್ತು. ಅದೇ ವರ್ಷ ನೆದರ್ಲೆಂಡ್ಸ್‌ನ ಟಾಮ್‌ಟಾಮ್ ಸಂಸ್ಥೆಯು ನ್ಯಾವ್‌ಟೆಕ್‌ನ ಪ್ರತಿಸ್ಪರ್ಧಿಯಾದ ಟೆಲಿ ಅಟ್ಲಾಸನ್ನು ಕೊಂಡಿತು.

2009ರ ಅಕ್ಟೋಬರ್‌ನಲ್ಲಿ ಗೂಗಲ್ ಸಂಸ್ಥೆಯು ಆಂಡ್ರಾಯ್ಡ್ ಫೋನುಗಳಿಗೆ ಧ್ವನಿಯ ಮೂಲಕ ದಾರಿ ಹೇಳುವ ಸೇವೆಯನ್ನು ಉಚಿತವಾಗಿ ಪ್ರಕಟಿಸಿತು. ಮೂರು ತಿಂಗಳೊಳಗೆ, ಅಂದರೆ 2010ರ ಜನವರಿ 21ರಂದು, ಆಗ ಓವಿ ಮ್ಯಾಪ್ಸ್ ಎಂಬ ಹೆಸರಿದ್ದ ನೋಕಿಯಾದ ತಂತ್ರಾಂಶದಲ್ಲೂ ಕಾಲ್ನಡಿಗೆ ಮತ್ತು ವಾಹನದ ದಾರಿಸೂಚನೆ ಉಚಿತವಾಯಿತು. 74 ದೇಶಗಳಲ್ಲಿ, 46 ಭಾಷೆಗಳಲ್ಲಿ ಈ ಸೌಲಭ್ಯ ದೊರೆಯುವುದೆಂದು ಸಂಸ್ಥೆ ತಿಳಿಸಿತು.

ಹೊಸ ಸಾಧನಗಳಿಗೆ ವರ್ಗಾವಣೆ

ಸ್ಪರ್ಶಪರದೆಯ ಸಿಂಬಿಯನ್

ಮೊದಲ ಬದಲಾವಣೆ ಒಂದೇ ವೇದಿಕೆಯೊಳಗೆ ನಡೆಯಿತು. 2008ರ ಕೊನೆಯಲ್ಲಿ ಬಂದ ನೋಕಿಯಾ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್ ಫೋನಿನಲ್ಲಿ 360 × 640 ಬಿಂದುಗಳ ಸ್ಪರ್ಶಪರದೆ ಇತ್ತು. ಗುಂಡಿಯಿಂದ ಒಂದೊಂದೇ ಆಯ್ಕೆಗೆ ಸರಿಯುತ್ತಿದ್ದ ಪಟ್ಟಿಗಳು ಬೆರಳಿಗೆ ಒಗ್ಗುವುದಿಲ್ಲ. ಬೆರಳಿನ ತುದಿ ಪರದೆಯ ಮೇಲೆ ಆಕ್ರಮಿಸುವ ಜಾಗ ದೊಡ್ಡದು, ಅದು ನಕ್ಷೆಯನ್ನೇ ಮರೆಮಾಡುತ್ತದೆ. ಆದ್ದರಿಂದ ಗುಂಡಿಗಳ ಗಾತ್ರ, ಅವುಗಳ ಸ್ಥಾನ, ಹೆಸರುಗಳ ಅಕ್ಷರದ ಗಾತ್ರ ಎಲ್ಲವನ್ನೂ ಮರುಚಿಂತಿಸಬೇಕಾಯಿತು. ಆದರೂ ಎಂಜಿನ್ ಮತ್ತು ದತ್ತಾಂಶ ಹಳೆಯ ನೆಲೆಯಲ್ಲೇ ಮುಂದುವರಿಯಲು ಅವಕಾಶವಿತ್ತು.

ವಿಂಡೋಸ್ ಫೋನ್

2011ರ ಫೆಬ್ರವರಿಯಲ್ಲಿ ನೋಕಿಯಾ ತನ್ನ ಮುಂದಿನ ಸ್ಮಾರ್ಟ್‌ಫೋನುಗಳಿಗೆ ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ವ್ಯವಸ್ಥೆಯನ್ನು ಆರಿಸಿಕೊಂಡಿತು. ಅದೇ ವರ್ಷ ಓವಿ ಎಂಬ ಹೆಸರನ್ನು ಕೈಬಿಡಲಾಯಿತು. ಅಕ್ಟೋಬರ್‌ನಲ್ಲಿ ಲೂಮಿಯಾ ಸರಣಿಯ ಮೊದಲ ಫೋನುಗಳು ಪ್ರಕಟವಾದವು.

ಇದು ಬೇರೆಯೇ ನೆಲ. ಸಿಂಬಿಯನ್ ತಂತ್ರಾಂಶಗಳನ್ನು ಸಿ ಪ್ಲಸ್ ಪ್ಲಸ್ ಭಾಷೆಯ ವಿಶಿಷ್ಟ ಶೈಲಿಯೊಂದರಲ್ಲಿ ಬರೆಯಲಾಗುತ್ತಿತ್ತು. ಅಕ್ಷರಮಾಲೆಗಳನ್ನು ಇರಿಸುವ ಕ್ರಮ, ಸ್ಮೃತಿ ಸಾಲದಿದ್ದಾಗ ಚೇತರಿಸಿಕೊಳ್ಳುವ ಕ್ರಮ, ಏಕಕಾಲದಲ್ಲಿ ಹಲವು ಕೆಲಸ ನಡೆಸುವ ಕ್ರಮ ಎಲ್ಲವೂ ಅಲ್ಲಿ ಪ್ರತ್ಯೇಕವಾಗಿದ್ದು, ಬೇರೆ ವ್ಯವಸ್ಥೆಗಳಿಗೆ ಹೊಂದುತ್ತಿರಲಿಲ್ಲ. ವಿಂಡೋಸ್ ಫೋನ್ 7ರಲ್ಲಾದರೋ ಸಾಮಾನ್ಯ ತಂತ್ರಾಂಶಗಳನ್ನು ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಪರಿಸರದಲ್ಲಿಯೇ ಬರೆಯಬೇಕಿತ್ತು. ಸಿ ಪ್ಲಸ್ ಪ್ಲಸ್ ಭಾಷೆಗೆ ಅಲ್ಲಿ ಅವಕಾಶ ದೊರೆತದ್ದು 2012ರಲ್ಲಿ ಬಂದ ವಿಂಡೋಸ್ ಫೋನ್ 8ರಲ್ಲಿ. ಆದರೆ ಲೂಮಿಯಾ 800ರಂತಹ ಮೊದಲ ಪೀಳಿಗೆಯ ಫೋನುಗಳನ್ನು ಎಂಟನೆಯ ಆವೃತ್ತಿಗೆ ಏರಿಸಲು ಸಾಧ್ಯವಿರಲಿಲ್ಲ. ಹೀಗಾಗಿ ಒಂದು ವರ್ಷದ ಹಿಂದೆಯಷ್ಟೇ ಬಂದ ಫೋನು ಕೂಡ ಹಳೆಯ ಪೀಳಿಗೆಯದೆನಿಸಿತು.

ಐಫೋನಿನ ಪ್ರಯತ್ನ

2012ರ ಸೆಪ್ಟೆಂಬರ್‌ನಲ್ಲಿ ಆಪಲ್ ಸಂಸ್ಥೆಯು ಐಒಎಸ್ 6ರಲ್ಲಿ ಗೂಗಲ್ ನಕ್ಷೆಯನ್ನು ತೆಗೆದು ತನ್ನದೇ ನಕ್ಷೆಯನ್ನು ತಂದಿತು. ಅದರಲ್ಲಿ ಕಂಡುಬಂದ ತಪ್ಪುಗಳಿಗಾಗಿ ಸಂಸ್ಥೆಯ ಮುಖ್ಯಸ್ಥ ಟಿಮ್ ಕುಕ್ ಅದೇ ತಿಂಗಳು ಬಹಿರಂಗವಾಗಿ ಕ್ಷಮೆ ಕೇಳಿದರು. ಈ ಸಂದರ್ಭದಲ್ಲಿ, ನವೆಂಬರ್‌ನಲ್ಲಿ, ನೋಕಿಯಾ ತನ್ನ ನಕ್ಷೆ ಸೇವೆಗೆ ಹಿಯರ್ ಎಂಬ ಹೊಸ ಹೆಸರಿಟ್ಟು ಐಫೋನಿಗೂ ಒಂದು ತಂತ್ರಾಂಶವನ್ನು ಬಿಡುಗಡೆ ಮಾಡಿತು.

ಇದು ಐಫೋನಿಗೆಂದೇ ಬರೆದ ತಂತ್ರಾಂಶವಾಗಿರದೆ, ಎಚ್‌ಟಿಎಂಎಲ್5 ತಂತ್ರಜ್ಞಾನದ ಜಾಲಪುಟವನ್ನು ಆಧರಿಸಿದ್ದಾಗಿತ್ತು. ಈ ವಿಧಾನದಲ್ಲಿ ಒಮ್ಮೆ ಬರೆದದ್ದನ್ನು ಹಲವು ಸಾಧನಗಳಲ್ಲಿ ಓಡಿಸಬಹುದು, ವೆಚ್ಚವೂ ಕಡಿಮೆ. ಆದರೆ ನಕ್ಷೆಯನ್ನು ಬೆರಳಿನಿಂದ ಸರಿಸಿದಾಗ, ಹಿಗ್ಗಿಸಿದಾಗ ಅದು ತಡವಿಲ್ಲದೆ ಸ್ಪಂದಿಸಬೇಕು. ಆ ಕಾಲದ ಜಾಲಪುಟ ಆಧಾರಿತ ತಂತ್ರಾಂಶಗಳು ಈ ವಿಷಯದಲ್ಲಿ ಹಿಂದುಳಿಯುತ್ತಿದ್ದವು. ಹಿಯರ್ ತಂತ್ರಾಂಶದ ಬಗೆಗೂ ಟೀಕೆಗಳು ಬಂದವು. ಐಒಎಸ್ 7ರ ಬದಲಾವಣೆಗಳಿಂದ ಬಳಕೆಯ ಅನುಭವ ಕೆಡುತ್ತದೆ ಎಂಬ ಕಾರಣ ನೀಡಿ 2013ರ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಆಂಡ್ರಾಯ್ಡ್ ಮತ್ತು ಐಒಎಸ್‌ಗೆ ಮರುಪ್ರವೇಶ

2014ರ ಏಪ್ರಿಲ್‌ನಲ್ಲಿ ನೋಕಿಯಾದ ಫೋನು ತಯಾರಿಕೆಯ ವಿಭಾಗವು ಮೈಕ್ರೋಸಾಫ್ಟ್ ವಶವಾಯಿತು. ಹಿಯರ್ ಮಾತ್ರ ನೋಕಿಯಾದಲ್ಲೇ ಉಳಿಯಿತು. ಸ್ವಂತ ಫೋನು ಇಲ್ಲದ ನಕ್ಷೆ ತಂತ್ರಾಂಶ ಇತರರ ಫೋನುಗಳಲ್ಲಿ ನೆಲೆ ಹುಡುಕುವುದು ಅನಿವಾರ್ಯವಾಯಿತು. 2014ರ ಆಗಸ್ಟ್‌ನಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋನುಗಳಿಗಾಗಿ ಒಪ್ಪಂದ ಪ್ರಕಟವಾಯಿತು. ಅಕ್ಟೋಬರ್‌ನಲ್ಲಿ ಇತರ ಆಂಡ್ರಾಯ್ಡ್ ಫೋನುಗಳಿಗೆ ಪ್ರಾಯೋಗಿಕ ಆವೃತ್ತಿ ಬಂದಿತು. ಡಿಸೆಂಬರ್‌ನಲ್ಲಿ ಅದು ಗೂಗಲ್ ಪ್ಲೇ ಮಳಿಗೆಯನ್ನು ಸೇರಿತು. 2015ರ ಮಾರ್ಚ್‌ನಲ್ಲಿ ಐಒಎಸ್‌ಗೆ ಹೊಸ ಆವೃತ್ತಿ ಬಿಡುಗಡೆಯಾಯಿತು. ಈ ಬಾರಿ ನಕ್ಷೆಯನ್ನು ಇಳಿಸಿಕೊಂಡು ಅಂತರ್ಜಾಲವಿಲ್ಲದೆ ಬಳಸುವ, ಸಿಂಬಿಯನ್ ಕಾಲದ ಮುಖ್ಯ ಗುಣ ಐಫೋನಿಗೂ ದೊರೆಯಿತು.

ವಿಂಡೋಸ್ 10ರಿಂದ ನಿರ್ಗಮನ

ಆಡಿ, ಬಿಎಂಡಬ್ಲ್ಯು ಮತ್ತು ಡೈಮ್ಲರ್ ಎಂಬ ಜರ್ಮನಿಯ ಕಾರು ತಯಾರಕರ ಒಕ್ಕೂಟವು 2.8 ಬಿಲಿಯನ್ ಯೂರೋ ಮೌಲ್ಯಕ್ಕೆ ಹಿಯರ್ ಸಂಸ್ಥೆಯನ್ನು ಕೊಳ್ಳುವುದಾಗಿ 2015ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಡಿಸೆಂಬರ್‌ನಲ್ಲಿ ಖರೀದಿ ಮುಗಿಯಿತು. ಕೆಲವೇ ತಿಂಗಳ ನಂತರ, 2016ರ ಮಾರ್ಚ್‌ನಲ್ಲಿ, ವಿಂಡೋಸ್ 10 ಸಾಧನಗಳಿಂದ ಹಿಯರ್ ತಂತ್ರಾಂಶಗಳನ್ನು ಹಿಂತೆಗೆದುಕೊಳ್ಳುವ ನಿರ್ಧಾರ ಹೊರಬಿತ್ತು. ಅಲ್ಲಿಯವರೆಗೆ ತಾತ್ಕಾಲಿಕ ಹೊಂದಾಣಿಕೆಯೊಂದರ ನೆರವಿನಿಂದ ಹಳೆಯ ತಂತ್ರಾಂಶವನ್ನು ವಿಂಡೋಸ್ 10ರಲ್ಲಿ ಓಡಿಸಲಾಗುತ್ತಿತ್ತು. 2016ರ ಜೂನ್ 30ರ ನಂತರ ಆ ಹೊಂದಾಣಿಕೆ ನಡೆಯುವುದಿಲ್ಲ, ಮುಂದುವರಿಸಬೇಕಾದರೆ ತಂತ್ರಾಂಶವನ್ನು ಬುಡದಿಂದ ಮತ್ತೆ ಬರೆಯಬೇಕಾಗುತ್ತದೆ ಎಂದು ಸಂಸ್ಥೆ ವಿವರಿಸಿತು. ಒಂದು ಕಾಲದಲ್ಲಿ ಲೂಮಿಯಾ ಫೋನುಗಳ ಹೆಗ್ಗಳಿಕೆಯಾಗಿದ್ದ ನಕ್ಷೆ, ಅದೇ ವೇದಿಕೆಯ ಮುಂದಿನ ಪೀಳಿಗೆಯನ್ನು ತಲುಪಲಿಲ್ಲ. ಅದೇ ವರ್ಷದ ಜುಲೈನಲ್ಲಿ ಆಂಡ್ರಾಯ್ಡ್ ಮತ್ತು ಐಒಎಸ್ ಆವೃತ್ತಿಗಳು ಹಿಯರ್ ವೀಗೋ ಎಂಬ ಹೆಸರು ಪಡೆದವು.

ನವೀಕರಣದ ತಾಂತ್ರಿಕ ತೊಡಕುಗಳು

ಹಳೆಯ ನಕ್ಷೆ ತಂತ್ರಾಂಶವನ್ನು ಹೊಸ ಕೈಸಾಧನಕ್ಕೆ ತರುವಾಗ ಎದುರಾಗುವ ತೊಡಕುಗಳು ನೋಕಿಯಾ ಮ್ಯಾಪ್ಸ್‌ಗೆ ಮಾತ್ರ ಸೀಮಿತವಲ್ಲ. ಅವುಗಳಲ್ಲಿ ಮುಖ್ಯವಾದವು ಹೀಗಿವೆ.

ಸಂಸ್ಕಾರಕದ ಬದಲಾವಣೆ: ಹಿಂದಿನ ಫೋನುಗಳ ಸಂಸ್ಕಾರಕಗಳು 32 ಬಿಟ್‌ನವು. 2017ರ ಐಒಎಸ್ 11ರಿಂದ ಆಪಲ್ ಸಾಧನಗಳಲ್ಲಿ 32 ಬಿಟ್ ತಂತ್ರಾಂಶಗಳು ಓಡುವುದು ನಿಂತಿತು. ಸಂಸ್ಕಾರಕಕ್ಕೆ ನೇರವಾಗಿ ಸಿದ್ಧಪಡಿಸಿದ ಭಾಗಗಳಿರುವ ತಂತ್ರಾಂಶಗಳು 64 ಬಿಟ್ ರೂಪದಲ್ಲೂ ಇರಬೇಕೆಂದು ಗೂಗಲ್ ಪ್ಲೇ 2019ರ ಆಗಸ್ಟ್‌ನಿಂದ ಕಡ್ಡಾಯಪಡಿಸಿತು. ನಕ್ಷೆಯ ಎಂಜಿನ್‌ಗಳನ್ನು ವೇಗಕ್ಕಾಗಿ ಹೀಗೆ ಸಿದ್ಧಪಡಿಸುವುದು ವಾಡಿಕೆಯಾದ್ದರಿಂದ ಈ ನಿಯಮ ಅವುಗಳಿಗೆ ನೇರವಾಗಿ ತಟ್ಟಿತು.

ಅನುಮತಿಗಳು: ಹಿಂದೆ ತಂತ್ರಾಂಶವನ್ನು ಅಳವಡಿಸುವಾಗ ಒಮ್ಮೆ ಒಪ್ಪಿಗೆ ಕೊಟ್ಟರೆ ಸಾಕಿತ್ತು. 2015ರ ಆಂಡ್ರಾಯ್ಡ್ 6ರಿಂದ ಬಳಕೆದಾರನು ಎಲ್ಲಿದ್ದಾನೆಂದು ತಿಳಿಯಲು ಬಳಕೆಯ ಸಮಯದಲ್ಲಿಯೇ ಅನುಮತಿ ಕೇಳಬೇಕು. 2019ರ ಆಂಡ್ರಾಯ್ಡ್ 10ರಿಂದ, ತಂತ್ರಾಂಶ ತೆರೆದಿಲ್ಲದಾಗಲೂ ಸ್ಥಳ ತಿಳಿಯಲು ಪ್ರತ್ಯೇಕ ಅನುಮತಿ ಬೇಕು. ದಾರಿಯ ಜಾಡನ್ನು ದಾಖಲಿಸುವ ಹಳೆಯ ತಂತ್ರಾಂಶಗಳನ್ನು ಇದಕ್ಕೆ ತಕ್ಕಂತೆ ತಿದ್ದದಿದ್ದರೆ ಜಾಡು ನಡುವೆಯೇ ಕಡಿದುಹೋಗಬಹುದು.

ಪರದೆಯ ಸಾಂದ್ರತೆ: ಹಳೆಯ ಪರದೆಗೆಂದು ನಿಗದಿಪಡಿಸಿದ ಗೆರೆಯ ದಪ್ಪ ಮತ್ತು ಅಕ್ಷರದ ಗಾತ್ರ ಇಂದಿನ ಒತ್ತಾದ ಬಿಂದುಗಳ ಪರದೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತವೆ. ಚಿತ್ರದ ತುಣುಕುಗಳ ನಕ್ಷೆಯನ್ನು ಹಿಗ್ಗಿಸಿದರೆ ಮಸುಕಾಗುತ್ತದೆ. ಸದಿಶ ನಕ್ಷೆಯನ್ನು ಯಾವ ಗಾತ್ರಕ್ಕಾದರೂ ಮರಳಿ ಬಿಡಿಸಬಹುದಾದ್ದರಿಂದ ಅದು ಹೆಚ್ಚು ಕಾಲ ಬಾಳುತ್ತದೆ.

ಸುರಕ್ಷಿತ ಸಂಪರ್ಕ: ಸರ್ವರಿನೊಡನೆ ಗುಪ್ತಲಿಪಿಯಲ್ಲಿ ಮಾತನಾಡುವ ಟಿಎಲ್ಎಸ್ ಎಂಬ ನಿಯಮಾವಳಿಯ 1.0 ಮತ್ತು 1.1 ಆವೃತ್ತಿಗಳನ್ನು 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ತೊರೆಯಲಾಯಿತು. ಹೊಸ ಆವೃತ್ತಿ ತಿಳಿಯದ ಹಳೆಯ ಫೋನಿಗೆ, ಯಂತ್ರ ಸುಸ್ಥಿತಿಯಲ್ಲಿದ್ದರೂ, ಅನೇಕ ಸರ್ವರುಗಳು ಉತ್ತರಿಸುವುದಿಲ್ಲ.

ಜಿಪಿಎಸ್ ವಾರಗಣನೆ: ಜಿಪಿಎಸ್ ಉಪಗ್ರಹಗಳ ಮೂಲ ಸಂಕೇತದಲ್ಲಿ ವಾರದ ಸಂಖ್ಯೆಗೆ ಹತ್ತು ಬಿಟ್‌ಗಳ ಜಾಗವಿದೆ. ಆದ್ದರಿಂದ 1024 ವಾರಗಳಿಗೊಮ್ಮೆ ಎಣಿಕೆ ಸೊನ್ನೆಗೆ ಮರಳುತ್ತದೆ. ಹೀಗಾದದ್ದು 1999ರ ಆಗಸ್ಟ್‌ನಲ್ಲಿ ಮತ್ತು 2019ರ ಏಪ್ರಿಲ್‌ನಲ್ಲಿ. ಮುಂದಿನದು 2038ರ ನವೆಂಬರ್‌ನಲ್ಲಿ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಳೆಯ ಸಾಧನಗಳು ಸುಮಾರು 19 ವರ್ಷ 7 ತಿಂಗಳು ಹಿಂದಿನ ದಿನಾಂಕ ತೋರಿಸುತ್ತವೆ.

ನಕ್ಷೆಯ ದತ್ತಾಂಶ ಹಳೆಯದಾಗುವ ಬಗೆ

ಮೇಲಿನ ತೊಡಕುಗಳೆಲ್ಲ ತಂತ್ರಾಂಶಕ್ಕೆ ಸಂಬಂಧಿಸಿದವು. ದತ್ತಾಂಶವೂ ಹಳೆಯದಾಗುತ್ತದೆ, ಆದರೆ ಬೇರೆ ರೀತಿಯಲ್ಲಿ: ತಂತ್ರಾಂಶ ಓಡುವುದನ್ನು ನಿಲ್ಲಿಸುತ್ತದೆ, ದತ್ತಾಂಶವು ನಿಲ್ಲದೆ ತಪ್ಪು ಹೇಳತೊಡಗುತ್ತದೆ.

ಕರ್ನಾಟಕದಿಂದ ಇದಕ್ಕೆ ಉದಾಹರಣೆಗಳನ್ನು ನೀಡಬಹುದು. ಎನ್95 ಮಾರುಕಟ್ಟೆಗೆ ಬಂದ 2007ರಲ್ಲಿ ಬೆಂಗಳೂರಿನ ನಾಗರಿಕ ವಿಮಾನಗಳು ಎಚ್ಎಎಲ್ ವಿಮಾನ ನಿಲ್ದಾಣದಿಂದ ಹೊರಡುತ್ತಿದ್ದವು. 2008ರ ಮೇ 24ರಂದು ದೇವನಹಳ್ಳಿಯ ಬಳಿಯ ಹೊಸ ನಿಲ್ದಾಣ ಆರಂಭವಾಯಿತು. 2007ರ ನಕ್ಷೆಯನ್ನೇ ನಂಬಿದ ಪ್ರಯಾಣಿಕನು ಊರಿನ ಮತ್ತೊಂದು ದಿಕ್ಕಿಗೆ ಹೋದಂತಾಗುತ್ತದೆ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋದ ಮೊದಲ ಭಾಗ ಆರಂಭವಾಯಿತು. ಅದಕ್ಕೆ ಹಿಂದಿನ ನಕ್ಷೆಗಳಲ್ಲಿ ಮೆಟ್ರೋ ನಿಲ್ದಾಣಗಳಿಲ್ಲ.

2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಬ್ಯಾಂಗಲೋರ್ ಬೆಂಗಳೂರಾಯಿತು, ಬೆಳ್‌ಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಇದಕ್ಕೆ ಮೊದಲು ಇಳಿಸಿಕೊಂಡ ಕಡತದಲ್ಲಿ ಹೊಸ ಹೆಸರನ್ನು ಹುಡುಕಿದರೆ ನಗರ ಸಿಗದಿರಬಹುದು. ಅದೇ ಹೆಸರಿನ ಬೇರೊಂದು ಊರು ಸಿಗಲೂಬಹುದು. ಉದಾಹರಣೆಗೆ, ವಿಜಯಪುರ ಎಂಬ ಪಟ್ಟಣವು ದೇವನಹಳ್ಳಿ ತಾಲ್ಲೂಕಿನಲ್ಲಿಯೂ ಇದೆ.

ದತ್ತಾಂಶದ ಒಡೆತನ ಒಂದು ಸಂಸ್ಥೆಯ ಕೈಯಲ್ಲಿದ್ದಾಗ ಈ ತಿದ್ದುಪಡಿಗಳು ಯಾವ ಸಾಧನಗಳನ್ನು ತಲುಪಬೇಕು ಎಂಬುದನ್ನು ಆ ಸಂಸ್ಥೆಯೇ ನಿರ್ಧರಿಸುತ್ತದೆ. ದತ್ತಾಂಶವು ಹೊಸ ಸಾಧನಗಳಿಗಾಗಿ ನವೀಕೃತವಾಗುತ್ತಲೇ ಇದ್ದರೂ ಹಳೆಯ ಸಾಧನಕ್ಕೆ ಬೇಕಾದ ವಿನ್ಯಾಸದಲ್ಲಿ ಅದನ್ನು ಸಿದ್ಧಪಡಿಸುವುದು ನಿಂತರೆ, ಅಲ್ಲಿಗೆ ಆ ಸಾಧನದ ನಕ್ಷೆ ಕಾಲದಲ್ಲಿ ಹೆಪ್ಪುಗಟ್ಟುತ್ತದೆ.

ಹಳೆಯ ಸಾಧನಗಳ ಬಳಕೆದಾರರು

2013ರ ಬೇಸಿಗೆಯಲ್ಲಿ ನೋಕಿಯಾ ಸಿಂಬಿಯನ್ ಫೋನುಗಳ ಪೂರೈಕೆಯನ್ನು ನಿಲ್ಲಿಸಿತು. 2014ರ ಜನವರಿಯಿಂದ ಅದರ ಮಳಿಗೆಯಲ್ಲಿ ಸಿಂಬಿಯನ್‌ಗೆ ಹೊಸ ತಂತ್ರಾಂಶಗಳನ್ನಾಗಲಿ, ಇದ್ದವುಗಳ ನವೀಕರಣವನ್ನಾಗಲಿ ಸ್ವೀಕರಿಸಲಿಲ್ಲ. ಫೋನಿನಲ್ಲಿ ಮೊದಲೇ ಇರಿಸಿಕೊಂಡ ನಕ್ಷೆ ಕಡತಗಳು ಅಂತರ್ಜಾಲವನ್ನು ಬಯಸದ ಕಾರಣ ಕೆಲಸ ಮಾಡುತ್ತಲೇ ಇರಬಲ್ಲವು. ಪೂರ್ತಿಯಾಗಿ ಸರ್ವರನ್ನೇ ಅವಲಂಬಿಸಿದ ನಕ್ಷೆಗೆ ಈ ಆಯುಷ್ಯವಿಲ್ಲ. ಸರ್ವರು ನಿಂತ ದಿನವೇ ಅದು ಖಾಲಿ ಪರದೆಯಾಗುತ್ತದೆ.

ಬಳಕೆದಾರರು ತಾವೇ ಗುರುತಿಸಿಟ್ಟ ಸ್ಥಳಗಳದು ಮತ್ತೊಂದು ಸಮಸ್ಯೆ. ಮನೆ, ಹೊಲ, ನಡೆದ ಕಾಡುದಾರಿ, ನೀರಿನ ಸೆಲೆ ಇಂತಹ ಗುರುತುಗಳು ಯಾವ ಸಂಸ್ಥೆಯ ದತ್ತಾಂಶದಲ್ಲೂ ಇರುವುದಿಲ್ಲ. ಕಳೆದುಹೋದರೆ ಮತ್ತೆ ಸಿಗುವುದೂ ಇಲ್ಲ. ನಕ್ಷೆಯ ಮೂಲ ಕಡತಗಳ ವಿನ್ಯಾಸ ಸಾರ್ವಜನಿಕವಾಗಿರದ ಕಾರಣ ಅವುಗಳನ್ನು ಬೇರೆ ತಂತ್ರಾಂಶದಲ್ಲಿ ತೆರೆಯಲು ಬರುವುದಿಲ್ಲ. ಆದರೆ ನೋಕಿಯಾ ಫೋನುಗಳಲ್ಲಿ ಗುರುತುಗಳನ್ನು ಎಲ್ಎಂಎಕ್ಸ್ ಎಂಬ ಪಠ್ಯರೂಪದ ಕಡತವಾಗಿ ಹೊರತೆಗೆಯಬಹುದಿತ್ತು. ಅದು ಎಕ್ಸ್ಎಂಎಲ್ ಮಾದರಿಯದ್ದಾದ್ದರಿಂದ ಸಾಮಾನ್ಯ ಪಠ್ಯ ಸಂಪಾದಕದಲ್ಲೂ ತೆರೆದು ಅಕ್ಷಾಂಶ ರೇಖಾಂಶಗಳನ್ನು ಓದಬಹುದು. 2002ರಲ್ಲಿ ರೂಪುಗೊಂಡ ಜಿಪಿಎಕ್ಸ್ ಮತ್ತು 2008ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾದ ಕೆಎಂಎಲ್ ವಿನ್ಯಾಸಗಳೂ ಮುಕ್ತವಾಗಿದ್ದು, ಇಂದಿನ ಬಹುತೇಕ ನಕ್ಷೆ ತಂತ್ರಾಂಶಗಳು ಇವುಗಳಲ್ಲಿ ಒಂದನ್ನಾದರೂ ಓದಬಲ್ಲವು. ಹಳೆಯ ಸಾಧನವನ್ನು ಬಿಡುವ ಮೊದಲು ಗುರುತುಗಳನ್ನು ಇಂತಹ ಮುಕ್ತ ವಿನ್ಯಾಸಕ್ಕೆ ಪರಿವರ್ತಿಸಿ ಇಟ್ಟುಕೊಂಡರೆ ಅವು ಮುಂದಿನ ಸಾಧನಗಳಲ್ಲೂ ಉಪಯೋಗಕ್ಕೆ ಬರುತ್ತವೆ.

ಕನ್ನಡ ಲಿಪಿ ಮತ್ತು ನಕ್ಷೆ ತಂತ್ರಾಂಶ

ಲ್ಯಾಟಿನ್ ಲಿಪಿಗೆಂದು ರೂಪಿಸಿದ ನಕ್ಷೆ ಎಂಜಿನ್‌ಗಳನ್ನು ಭಾರತೀಯ ಲಿಪಿಗಳಿಗೆ ಒಗ್ಗಿಸುವುದೂ ನವೀಕರಣದ ಒಂದು ಭಾಗ. ಕನ್ನಡವು ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಸೇರಿದೆ. ಆದರೆ ಸಂಕೇತಗಳಿದ್ದ ಮಾತ್ರಕ್ಕೆ ಅಕ್ಷರ ಸರಿಯಾಗಿ ಮೂಡುವುದಿಲ್ಲ.

"ಚಿಕ್ಕಮಗಳೂರು" ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ಆರು. ಯೂನಿಕೋಡ್ ಸಂಕೇತಗಳು ಹನ್ನೊಂದು. ಗುಣಿತಾಕ್ಷರಗಳಲ್ಲಿ ವ್ಯಂಜನವೂ ಸ್ವರಚಿಹ್ನೆಯೂ ಕೂಡಿ ಒಂದೇ ಆಕಾರವಾಗಬೇಕು, ಒತ್ತಕ್ಷರವು ವ್ಯಂಜನದ ಕೆಳಗೆ ಕೂರಬೇಕು. "ಕಾರ್ಕಳ" ಎಂಬಲ್ಲಿ ಸಂಕೇತಗಳ ಕ್ರಮದಲ್ಲಿ ರಕಾರ ಮೊದಲು ಬರುತ್ತದೆ. ಬರಹದಲ್ಲಿ ಅರ್ಕಾವತ್ತು ಕಕಾರದ ನಂತರ ಕಾಣುತ್ತದೆ. ಸಂಕೇತಗಳನ್ನು ಹೀಗೆ ಆಕಾರಗಳನ್ನಾಗಿ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್‌ನಂತಹ ಮುಕ್ತ ತಂತ್ರಾಂಶ ಭಂಡಾರಗಳು ಮಾಡುತ್ತವೆ.

ಸಾಮಾನ್ಯ ಪಠ್ಯವನ್ನು ತೋರಿಸಲು ಫೋನಿನ ಕಾರ್ಯಾಚರಣಾ ವ್ಯವಸ್ಥೆಯೇ ಈ ಜೋಡಣೆ ಮಾಡಿಕೊಡುತ್ತದೆ. ಆಂಡ್ರಾಯ್ಡ್‌ನಲ್ಲಿ 2012ರ 4.1 ಆವೃತ್ತಿಯಿಂದ ಕನ್ನಡಕ್ಕೆ ಬೆಂಬಲವಿದೆ. ನಕ್ಷೆ ಎಂಜಿನ್‌ಗಳಾದರೋ ವೇಗಕ್ಕಾಗಿ ಹೆಸರುಗಳನ್ನು ತಾವೇ ಬಿಡಿಸುವುದು ಸಾಮಾನ್ಯ. ರಸ್ತೆಯ ಬಾಗಿಗೆ ತಕ್ಕಂತೆ ಒಂದೊಂದು ಸಂಕೇತವನ್ನೂ ಬೇರೆ ಬೇರೆಯಾಗಿ ತಿರುಗಿಸಿ ಇರಿಸುವ ಎಂಜಿನ್‌ನಲ್ಲಿ ಇಂಗ್ಲಿಷ್ ಹೆಸರು ಸರಿಯಾಗಿ ಕಾಣುತ್ತದೆ. ಕನ್ನಡದ ಹೆಸರಿನ ಒತ್ತು ಮತ್ತು ಗುಣಿತಗಳು ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿಯಾಗುತ್ತವೆ. ಹೀಗಾಗಿ ಫೋನಿನ ಸಂದೇಶದಲ್ಲಿ ಚೆನ್ನಾಗಿ ಕಾಣುವ ಊರಿನ ಹೆಸರು, ಅದೇ ಫೋನಿನ ನಕ್ಷೆಯಲ್ಲಿ ಓದಲಾಗದಂತೆ ಕಾಣುವುದುಂಟು.

ಭಾರತದ ನಿಯಮಗಳು

ಭಾರತದಲ್ಲಿ ನಕ್ಷೆಯ ದತ್ತಾಂಶಕ್ಕೆ ಸಂಬಂಧಿಸಿದಂತೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2021ರ ಫೆಬ್ರವರಿ 15ರಂದು ಹೊಸ ಮಾರ್ಗಸೂಚಿಯನ್ನು ಹೊರಡಿಸಿತು. ಭಾರತೀಯ ಸಂಸ್ಥೆಗಳು ಪೂರ್ವಾನುಮತಿಯಿಲ್ಲದೆ ನಕ್ಷೆ ತಯಾರಿಸಲು ಇದು ಅವಕಾಶ ನೀಡಿತು. ಸಮತಲದಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರ್ ಎಂಬ ಮಿತಿಗಿಂತ ಸೂಕ್ಷ್ಮವಾದ ದತ್ತಾಂಶವನ್ನು ಭಾರತೀಯ ಸಂಸ್ಥೆಗಳು ಮಾತ್ರ ಸಂಗ್ರಹಿಸಿ ಹೊಂದಬಹುದು. ಅದನ್ನು ಭಾರತದಲ್ಲಿಯೇ ಇರಿಸಬೇಕು. ವಿದೇಶಿ ಸಂಸ್ಥೆಗಳು ಇಂತಹ ದತ್ತಾಂಶವನ್ನು ಭಾರತದ ಗ್ರಾಹಕರ ಸೇವೆಗಾಗಿ ಭಾರತೀಯ ಸಂಸ್ಥೆಗಳಿಂದ ಪರವಾನಗಿ ಪಡೆದು ಬಳಸಬಹುದು. ಆದ್ದರಿಂದ ಹಳೆಯ ನಕ್ಷೆ ತಂತ್ರಾಂಶವೊಂದನ್ನು ಭಾರತದಲ್ಲಿ ನವೀಕರಿಸುವವರು ತಂತ್ರಜ್ಞಾನದೊಂದಿಗೆ ದತ್ತಾಂಶದ ಮೂಲವನ್ನೂ ಪರಿಶೀಲಿಸಬೇಕಾಗುತ್ತದೆ.

ಮುಕ್ತ ನಕ್ಷೆಯೊಂದಿಗೆ ಹೋಲಿಕೆ

2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಯೋಜನೆಯಲ್ಲಿ ಸ್ವಯಂಸೇವಕರು ನಕ್ಷೆಯ ದತ್ತಾಂಶವನ್ನು ಸಂಗ್ರಹಿಸುತ್ತಾರೆ. ಮುಕ್ತ ಪರವಾನಗಿ ಇರುವುದರಿಂದ ಯಾರು ಬೇಕಾದರೂ ಅದನ್ನು ಬಳಸಿ ತಂತ್ರಾಂಶ ಬರೆಯಬಹುದು. ಈ ದತ್ತಾಂಶವನ್ನು ಆಧರಿಸಿದ ಮ್ಯಾಪ್ಸ್‌ಮಿ ಎಂಬ ಕೈಸಾಧನದ ತಂತ್ರಾಂಶವು 2014ರಲ್ಲಿ ರಷ್ಯಾದ ಸಂಸ್ಥೆಯೊಂದಕ್ಕೆ ಮಾರಾಟವಾಯಿತು. 2015ರಲ್ಲಿ ಅದರ ಮೂಲಸಂಕೇತವನ್ನು ಬಹಿರಂಗಪಡಿಸಲಾಯಿತು. 2020ರಲ್ಲಿ ಒಡೆತನ ಮತ್ತೊಮ್ಮೆ ಬದಲಾದಾಗ, ಆ ಬಹಿರಂಗ ಸಂಕೇತವನ್ನೇ ಆಧರಿಸಿ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಹೊಸ ತಂತ್ರಾಂಶ ರೂಪುಗೊಂಡು 2021ರಲ್ಲಿ ಬಿಡುಗಡೆಯಾಯಿತು.

ನೋಕಿಯಾ ಮ್ಯಾಪ್ಸ್‌ನಲ್ಲಿ ದತ್ತಾಂಶ ಉಳಿದದ್ದು ಅದರ ಒಡೆಯರು ಬದಲಾಗುತ್ತ ಹೋದರೂ ಪ್ರತಿಯೊಬ್ಬರಿಗೂ ಅದು ಬೆಲೆಬಾಳುವ ಆಸ್ತಿಯಾಗಿದ್ದುದರಿಂದ. ಮ್ಯಾಪ್ಸ್‌ಮಿ ಪ್ರಸಂಗದಲ್ಲಿ ದತ್ತಾಂಶ ಮತ್ತು ಮೂಲಸಂಕೇತ ಎರಡೂ ಮುಕ್ತವಾಗಿದ್ದುದರಿಂದ, ಒಡೆಯರ ನಿರ್ಧಾರವನ್ನು ಕಾಯದೆ ಬೇರೆಯವರು ನವೀಕರಣವನ್ನು ಮುಂದುವರಿಸಲು ಸಾಧ್ಯವಾಯಿತು.

ಮಹತ್ವ

ನೋಕಿಯಾ ಮ್ಯಾಪ್ಸ್ ಮೊದಲು ಓಡಿದ ಫೋನುಗಳ ತಯಾರಿಕೆ ನಿಂತಿದೆ, ಅವುಗಳ ಕಾರ್ಯಾಚರಣಾ ವ್ಯವಸ್ಥೆ ಬಳಕೆಯಿಂದ ಮರೆಯಾಗಿದೆ, ಅದನ್ನು ಹೊರತಂದ ಸಂಸ್ಥೆಯ ಕೈಯಲ್ಲಿ ಈಗ ಆ ನಕ್ಷೆ ಇಲ್ಲ. ಆದರೂ ನ್ಯಾವ್‌ಟೆಕ್ ಕಾಲದಿಂದ ಕೂಡಿಸುತ್ತ ಬಂದ ರಸ್ತೆಯ ವಿವರಗಳು ಇಂದಿಗೂ ಹಿಯರ್ ವೀಗೋ ತಂತ್ರಾಂಶದಲ್ಲಿ ಹಾಗೂ ಅನೇಕ ಕಾರುಗಳ ದಾರಿಸೂಚಕಗಳಲ್ಲಿ ಬಳಕೆಯಲ್ಲಿವೆ. ಅಂತರ್ಜಾಲವಿಲ್ಲದೆ ಬಳಸಬಹುದಾದ ನಕ್ಷೆಯನ್ನು ಸಾಮಾನ್ಯ ಬಳಕೆದಾರರಿಗೆ ಉಚಿತವಾಗಿ ತಲುಪಿಸಿದ ಆರಂಭದ ತಂತ್ರಾಂಶಗಳಲ್ಲಿ ಇದು ಒಂದು. ಸಂಪರ್ಕ ದೊರೆಯದ ಘಟ್ಟ ಪ್ರದೇಶಗಳಲ್ಲಿ, ದೂರದ ಹಳ್ಳಿಗಳಲ್ಲಿ, ಪ್ರವಾಹ ಮೊದಲಾದ ವಿಕೋಪದ ಸಮಯದಲ್ಲಿ ಈ ಗುಣದ ಬೆಲೆ ತಿಳಿಯುತ್ತದೆ. ಇಂದಿನ ಪ್ರಮುಖ ನಕ್ಷೆ ತಂತ್ರಾಂಶಗಳಲ್ಲಿ ನಕ್ಷೆಯನ್ನು ಇಳಿಸಿಟ್ಟುಕೊಳ್ಳುವ ಅವಕಾಶ ಸಾಮಾನ್ಯವಾಗಿದೆ.